ಸುಮ್ನೆ ಕೂತಿದ್ದ ಡಯೋಡು

ಕಳೆದ ಜುಲೈನಲ್ಲಿ ನಮ್ಮೂರಲ್ಲಿ ಮೂರು ದಿನ ಕರೆಂಟು ಇರಲಿಲ್ಲ. ಶಿರಸಿ ಕಡೆ ಮಳೆಗಾಲದಲ್ಲಿ ಇದೇನು ದೊಡ್ಡ ಸುದ್ದಿಯಲ್ಲ, ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದಿರುತ್ತದೆ. ಆದರೆ ಬೆಳಿಗ್ಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಕೇಳದಿದ್ದರೆ ಅಪ್ಪಯ್ಯನಿಗೆ ಕವಳ ರುಚಿಸುವುದಿಲ್ಲ. ಅದಕ್ಕೇ ಓಮ್ನಿ ಮಾರುವಾಗ ಅದರ ಸ್ಟೀರಿಯೋ ಬಿಚ್ಚಿಟ್ಟುಕೊಂಡು, ಮರದ ಪೆಟ್ಟಿಗೆಯಲ್ಲಿ ಕೂರಿಸಿ, 12 ವೋಲ್ಟಿನ ಹಳೇ ಬ್ಯಾಟರಿಗೆ ಜೋಡಿಸಿ ಇಟ್ಟಿದ್ದೇವೆ.

ಆ ದಿನ ಬ್ಯಾಟರಿ ಚಾರ್ಜ್ ಮಾಡಿಸಿ ತಂದು ವೈರು ಕೊಟ್ಟಿದ್ದು ನಾನು. ಬಾಯಲ್ಲಿ ಟಾರ್ಚು. ಒಲೆ ಹೊಗೆಗೆ ಕೆಂಪು ವೈರೂ ಕಪ್ಪಾಗಿತ್ತು. ಉಲ್ಟಾ ಕೊಟ್ಟೆ! ವೈರು ಕೈ ಸುಡುವಷ್ಟು ಬಿಸಿಯಾಗಿ, ಸುಟ್ಟ ವಾಸನೆ ಬಂದು, ಕೊನೆಗೆ ಪಟ್ ಅಂತ ಫ್ಯೂಸ್ ಹೋಯಿತು. ಸರಿಮಾಡಿ ಹೊಸ 5 ಆಂಪಿಯರ್ ಫ್ಯೂಸ್ ಹಾಕಿದರೆ ಅದೂ ಒಂದೇ ಕ್ಷಣಕ್ಕೆ ಹೋಯಿತು. ಸೆಟ್ಟಿನ ಕಥೆ ಮುಗೀತು ಅಂದುಕೊಂಡೆ.

ದೇವಿಕೆರೆ ಹತ್ತಿರ ಒಬ್ಬರು ರಿಪೇರಿಯವರು ಇದ್ದಾರೆ. ಸ್ಟೀರಿಯೋ ಬಿಚ್ಚಿ, ಕರೆಂಟು ಒಳಬರುವ ಜಾಗದಲ್ಲೇ ಇದ್ದ ಕಪ್ಪು ಡಯೋಡಿನ ಒಂದು ಕಾಲು ಎತ್ತಿ ಮೀಟರ್ ಹಿಡಿದರು. ಒಳ್ಳೇ ಸಿಲಿಕಾನ್ ಡಯೋಡಾದರೆ ಮೀಟರ್ ಒಂದು ಕಡೆಯಿಂದ 0.5, 0.6 ಹೀಗೇನೋ ತೋರಿಸಬೇಕು, ಇನ್ನೊಂದು ಕಡೆಯಿಂದ ಏನೂ ದಾಟಬಾರದು. ಇದು ಎರಡೂ ಕಡೆಯಿಂದ ಬೀಪ್ ಅಂದಿತು. ಅದನ್ನು ಕಿತ್ತು ಬದಿಗಿಟ್ಟು 12 ವೋಲ್ಟ್ ಕೊಟ್ಟರು. ಸೆಟ್ಟು ಹಾಡಿತು.

ಇದು ನನ್ನ ತಲೆಗೆ ಹೋಗಲಿಲ್ಲ. ಪಿಯುಸಿಯಲ್ಲಿ ಕಲಿತದ್ದು ಡಯೋಡು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಉಲ್ಟಾ ತಡೆಯುತ್ತದೆ ಅಂತ. ತೋಟದ ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ: ನೀರು ಮೇಲೆ ಹೋಗುತ್ತದೆ, ವಾಪಸ್ ಬಾವಿಗೆ ಇಳಿಯುವುದಿಲ್ಲ. ಒಳಗೆ ಎರಡು ಬಗೆಯ ಸಿಲಿಕಾನ್ ಸೇರಿರುತ್ತದೆ, ಒಂದರಲ್ಲಿ ಎಲೆಕ್ಟ್ರಾನ್ ಜಾಸ್ತಿ, ಇನ್ನೊಂದರಲ್ಲಿ ಅವಕ್ಕೆ ಖಾಲಿ ಜಾಗ. ಸರಿ ದಿಕ್ಕಿನಲ್ಲಿ ತಳ್ಳಿದರೆ ಎರಡೂ ಗಡಿಗೆ ಬಂದು ಸೇರುತ್ತವೆ, ಉಲ್ಟಾ ಎಳೆದರೆ ದೂರ ಸರಿದು ಗಡಿ ಬರಿದಾಗುತ್ತದೆ. ಮೊಬೈಲ್ ಚಾರ್ಜರಿನಲ್ಲಿ ನಾಲ್ಕು ಡಯೋಡು ಸೇರಿ ಎಸಿಯನ್ನು ಡಿಸಿ ಮಾಡುವುದೂ, ಸೋಲಾರ್ ಪ್ಯಾನಲ್ಲಿನಿಂದ ರಾತ್ರಿ ಬ್ಯಾಟರಿ ಖಾಲಿಯಾಗದಂತೆ ತಡೆಯುವುದೂ ಇದೇ ಗುಣದಿಂದ. ಹಾಗಾದರೆ ಇಲ್ಲಿ ಡಯೋಡು ತಡೆಯಬೇಕಿತ್ತಲ್ವಾ?

"ತಮಾ, ಇದು ದಾರಿಯಲ್ಲಿ ಇಲ್ಲ, ಅಡ್ಡ ಕೂತಿದೆ" ಅಂದರು. ಪ್ಲಸ್ಸಿಗೂ ಮೈನಸ್ಸಿಗೂ ನಡುವೆ, ಕರೆಂಟು ಹೊರಬೀಳುವ ತುದಿಯನ್ನು ತೋರಿಸುವ ಬೆಳ್ಳಿ ಪಟ್ಟೆ ಪ್ಲಸ್ ಕಡೆಗೆ ಇರುವ ಹಾಗೆ, ಅಂದರೆ ಬೇಕೆಂದೇ ಉಲ್ಟಾ. ವೈರು ಸರಿ ಇರುವಷ್ಟು ದಿನ ಅದಕ್ಕೆ ಕೆಲಸವೇ ಇಲ್ಲ. ನನ್ನಂಥವನು ಉಲ್ಟಾ ಕೊಟ್ಟ ಕೂಡಲೇ ಅದಕ್ಕೆ ಸರಿ ದಿಕ್ಕಾಗುತ್ತದೆ. ಕರೆಂಟೆಲ್ಲ ಅದರ ಮೂಲಕವೇ ನುಗ್ಗಿ ಫ್ಯೂಸ್ ಸುಡುತ್ತದೆ. ಅಷ್ಟೂ ಹೊತ್ತು ಒಳಗಿನ ಐಸಿ ಚಿಪ್ಪಿಗೆ ಸಿಗುವ ಉಲ್ಟಾ ವೋಲ್ಟೇಜು 12 ಅಲ್ಲ, ಸುಮಾರು 1 ಮಾತ್ರ.

ದಾರಿಯಲ್ಲೇ ಯಾಕೆ ಇಡಲಿಲ್ಲ ಅಂತ ಕೇಳಿದೆ. ಫುಟ್‌ವಾಲ್ವಿನ ಮುಚ್ಚಳ ಎತ್ತಲೂ ಒಂಚೂರು ಒತ್ತಡ ಬೇಕಲ್ವಾ, ಹಾಗೇ ಸಿಲಿಕಾನ್ ಡಯೋಡು ದಾಟಲು ಸುಮಾರು 0.7 ವೋಲ್ಟ್ ಖರ್ಚು. 3 ಆಂಪಿಯರ್ ಹರಿದರೆ 2 ವಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ, ಸೆಟ್ಟಿಗೆ ಸಿಗುವ ವೋಲ್ಟೇಜೂ ಕಡಿಮೆ. ಅಡ್ಡ ಕೂರಿಸಿದರೆ ಆ ನಷ್ಟ ಇಲ್ಲ.

ಆಮೇಲೆ ಅವರು ಫ್ಯೂಸ್ ಹೋಲ್ಡರ್ ಕೇಳಿದರು. "ಮೊದಲು ಇದರಲ್ಲಿ ಏನಿತ್ತು?"

ನಾನು ಸುಮ್ಮನಾದೆ. ಎರಡು ವರ್ಷದ ಹಿಂದೆ ಫ್ಯೂಸ್ ಸಿಗದೆ ತಾಮ್ರದ ತಂತಿ ಸುತ್ತಿದ್ದೆ, ಅದೂ ಮೂರು ಎಳೆ. 5 ಆಂಪಿಯರ್ ಫ್ಯೂಸ್ ಇದ್ದಿದ್ದರೆ ತಟ್ಟನೆ ಹೋಗುತ್ತಿತ್ತು, ಡಯೋಡು ಬಹುಶಃ ಬದುಕುತ್ತಿತ್ತು. ತಂತಿ ಕರಗಲು ತಡಮಾಡಿತು, ಅಷ್ಟರಲ್ಲಿ ಡಯೋಡು ಬೆಂದು ಶಾರ್ಟ್ ಆಯಿತು. ಶಾರ್ಟ್ ಆದ ಡಯೋಡಿಗೆ ಇನ್ನೆಲ್ಲಿಯ ದಿಕ್ಕು, ಸರಿ ಕೊಟ್ಟಾಗಲೂ ಹೊಸ ಫ್ಯೂಸನ್ನು ಸುಟ್ಟಿತು.

ಇದ್ದದ್ದು 1 ಆಂಪಿಯರಿನ 1ಎನ್4007. ಅದರ ಜಾಗಕ್ಕೆ 3 ಆಂಪಿಯರಿನ 1ಎನ್5408 ಹಾಕಿಕೊಟ್ಟರು, ಕಾಲು ದಪ್ಪ, ಬೆಸುಗೆಗೆ ಜಾಸ್ತಿ ಹೊತ್ತು ಬೇಕಾಯಿತು. "ಇನ್ನು ತಂತಿ ಸುತ್ತಿದರೆ ನನ್ನ ಹತ್ರ ತರಬೇಡ ಮಾರಾಯಾ" ಅಂದು ಮೂರು ಫ್ಯೂಸ್ ಕೈಗೆ ಹಾಕಿದರು. ಸತ್ತ ಡಯೋಡನ್ನೂ ಜೇಬಿಗೆ ಹಾಕಿಕೊಂಡು ಬಂದೆ.

ಮನೆಗೆ ಬಂದಾಗ ಸಂಜೆ. ಅಪ್ಪಯ್ಯ ವೈರು ಮುಟ್ಟಲು ಬಿಡಲಿಲ್ಲ. ಆಯಿಯ ಹತ್ತಿರ ಕೆಂಪು ನೂಲು ಇಸಿದುಕೊಂಡು ತಾನೇ ಪ್ಲಸ್ ವೈರಿಗೆ ಸುತ್ತಿ, ಬ್ಯಾಟರಿಗೆ ಕೊಟ್ಟು, ಧಾರವಾಡ ಹಚ್ಚಿದ.