ತಾತ ಕಲಿಸಿದ ಗಂಟು

ಮೊನ್ನೆ ಊರಿಗೆ ಹೋದಾಗ ಕರು ಕಟ್ಟೋಣ ಅಂತ ಹಗ್ಗ ಹಿಡಿದೆ, ಕೈ ತಾನಾಗಿಯೇ ತಾತ ಕಲಿಸಿದ ಗಂಟು ಹಾಕಿತು. ಸಣ್ಣ ಕುಣಿಕೆ ಮಾಡಿ, ಹಗ್ಗದ ತುದಿಯನ್ನು ಅದರೊಳಗಿಂದ ಮೇಲೆ ತಂದು, ಉದ್ದ ಹಗ್ಗದ ಹಿಂದೆ ಸುತ್ತಿ, ಮತ್ತೆ ಅದೇ ಕುಣಿಕೆಗೆ ಇಳಿಸಬೇಕು. ಬೋಲೈನ್ ಅನ್ನುತ್ತಿದ್ದರು. ಎಷ್ಟೇ ಎಳೆದರೂ ಕುತ್ತಿಗೆ ಬಿಗಿಯುವುದಿಲ್ಲ.

ನಮ್ಮೂರು ಮದ್ದೂರಿನ ಹತ್ತಿರ. ತಾತ ಈಜು ಕಲಿತಿದ್ದು ವಿ.ಸಿ. ನಾಲೆಯಲ್ಲಿ. ನೌಕಾಪಡೆ ಸೇರ್ತೀನಿ ಅಂದಾಗ ಮುತ್ತಜ್ಜಿ ಎರಡು ದಿನ ಊಟ ಬಿಟ್ಟಿದ್ದರಂತೆ. ಮನೆಯಲ್ಲಿ ಸಮುದ್ರ ನೋಡಿದವರೇ ಇರಲಿಲ್ಲ.

1971ರ ಯುದ್ಧದಲ್ಲಿ ಅವರು ಐಎನ್‌ಎಸ್ ಕಿರ್ಪಾನ್ ಹಡಗಿನಲ್ಲಿದ್ದರು. ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಖುಕ್ರಿ, ಕಿರ್ಪಾನ್ ಎರಡೂ ಪಾಕಿಸ್ತಾನದ ಜಲಾಂತರ್ಗಾಮಿಯನ್ನು ಹುಡುಕುತ್ತಿದ್ದವು. ಅದರ ಹೆಸರು ಹ್ಯಾಂಗೋರ್. ಅದು ಮೊದಲು ಟಾರ್ಪಿಡೋ ಬಿಟ್ಟಿದ್ದು ಕಿರ್ಪಾನ್ ಕಡೆಗೇ. ಹಡಗಿನ ತಳದಡಿ ಹಾದುಹೋಯಿತು, ಸಿಡಿಯಲಿಲ್ಲ. ಅಪ್ಪ ಹುಟ್ಟಿದ್ದು 1974ರಲ್ಲಿ.

ಎರಡನೆಯದು ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷದಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟು ಹಡಗಿನಲ್ಲೇ ಉಳಿದರು. ಆಮೇಲೆ ಮಹಾವೀರ ಚಕ್ರ ಬಂತು. ಖುಕ್ರಿ ಮಾತ್ರ ಅಲ್ಲ, ಕಿರ್ಪಾನ್ ಕೂಡ ಇದ್ದ ಇಡೀ 14ನೇ ಫ್ರಿಗೇಟ್ ಸ್ಕ್ವಾಡ್ರನ್, ಅಂದರೆ ಯುದ್ಧನೌಕೆಗಳ ತಂಡ, ಅವರ ಕೈಕೆಳಗಿತ್ತು, ಹಾಗಾಗಿ ತಾತನಿಗೂ ಅವರು ಕೊನೇವರೆಗೂ 'ನಮ್ಮ ಕ್ಯಾಪ್ಟನ್ ಸಾಹೇಬ್ರು'.

ಆ ಹೊತ್ತಲ್ಲಿ ಕಿರ್ಪಾನ್ ಅಲ್ಲೇ ನಿಲ್ಲುವ ಹಾಗಿರಲಿಲ್ಲ. ನಿಂತ ಹಡಗು ಜಲಾಂತರ್ಗಾಮಿಗೆ ಸುಲಭದ ಗುರಿ, ಅಲ್ವಾ. ದೂರ ಸರಿದು, ಆಮೇಲೆ ಕಚ್ಚಾಲ್ ಹಡಗಿನ ಜೊತೆ ವಾಪಸ್ ಬಂದರು. ಬದುಕಿ ಸಿಕ್ಕವರು 67 ಜನ.

ಈ ಮಾತು ಬಂದರೆ ತಾತ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಒಂದೇ ಒಂದು ಸಲ, ಕೊಟ್ಟಿಗೆಯಲ್ಲಿ, ಹಗ್ಗವನ್ನು ನನ್ನ ಕಂಕುಳಡಿ ಸುತ್ತಿ ಆ ಗಂಟು ಹಾಕಿದರು. "ನೀರಲ್ಲಿರೋನಿಗೆ ಇದನ್ನೇ ಹಾಕೋದು ಮಗ. ಜೀರುಗುಣಿಕೆ ಹಾಕಿ ಎಳೆದ್ರೆ ಉಸಿರು ಕಟ್ತದೆ."

"ಎಷ್ಟು ಜನಕ್ಕೆ ಹಾಕಿದ್ರಿ ತಾತ?"

ಹಗ್ಗ ಬಿಚ್ಚಿ, ಸುತ್ತಿ, ಗೂಟಕ್ಕೆ ನೇತುಹಾಕಿದರು. "ನಾವು ಬರೋದು ತಡವಾಯ್ತು" ಅಂದರು, ಅಷ್ಟೇ.

ದಿಯುವಿನಲ್ಲಿ ಖುಕ್ರಿ ಸ್ಮಾರಕ ಇದೆ, ಗಾಜಿನೊಳಗೆ ಹಡಗಿನ ಮಾದರಿ ಇಟ್ಟಿದ್ದಾರೆ. ಹೋಗೋಣ ಬನ್ನಿ ಅಂತ ಅಪ್ಪ ಎಷ್ಟೋ ಸಲ ಕರೆದರು. "ಅಲ್ಲಿ ಹೋಗಿ ಸಾಹೇಬ್ರಿಗೆ ಏನಂತ ಹೇಳ್ಲಿ" ಅನ್ನುತ್ತಿದ್ದರು ತಾತ. ಈ ಡಿಸೆಂಬರ್‌ನಲ್ಲಿ ಅಪ್ಪ, ನಾನು ಹೋಗುತ್ತಿದ್ದೇವೆ. ಗೂಟದ ಮೇಲಿದ್ದ ಆ ಹಗ್ಗ ಈಗ ನನ್ನ ಬ್ಯಾಗಿನಲ್ಲಿದೆ.