ಇರುವಿ ಅಷ್ಟ, ಬಾ

ಕಳೆದ ಭಾನುವಾರ ಕೇಳಿದ ಒಂದು ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಗೋವಾದ ತಾಂಬ್ಡಿ ಸುರ್ಲಾದ ಮಹಾದೇವ ದೇವಸ್ಥಾನದ ಪಕ್ಕ, ಹೊಳೆಗೆ ಇಳಿಯುವ ದಾರಿಯಲ್ಲಿ ಕೇಳಿದ್ದು.

"ಅಪ್ಪಾ, ಇವು ಯಾವ ಇರುವಿ?"

"ಇರುವಿಯೊಳಗ ಯಾವ್ದು ಅಂತ ಏನೈತಿ? ಇರುವಿ ಅಷ್ಟ. ಬಾ, ಊಟಕ್ಕ ಕರ್ಯಾಕತ್ತಾರ."

ವಾಸ್ಕೋ, ಫೋಂಡಾ ಕಡೆಯ ಕನ್ನಡದ ಮನೆಗಳವರೆಲ್ಲ ಸೇರಿ ಹೋಗಿದ್ದೆವು. ಕದಂಬರ ಕಾಲದ ಗುಡಿ, ನಮ್ಮವರಿಗೆ ಅಲ್ಲಿ ಏನೋ ಒಂದು ಹೆಮ್ಮೆ. ಎಲ್ಲರೂ ಕರಿಕಲ್ಲಿನ ಕಂಬದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಪ್ರಶ್ನೆ ಕೇಳಿದ ಹಾವೇರಿ ಕಡೆಯ ಹುಡುಗಿ ಮಾತ್ರ ಒದ್ದೆ ಎಲೆಗಳ ಮೇಲೆ ಮಂಡಿಯೂರಿ ಕೂತಿದ್ದಳು. ಅವಳ ಮುಂದೆ ಕರಿ ಇರುವೆಗಳ ಸಾಲು ಹರಿಯುತ್ತಿತ್ತು. ಅಪ್ಪ ಕರೆದರೂ ಅವಳು ಏಳಲಿಲ್ಲ. ಬದಲಿಗೆ ಇನ್ನೊಂದು ಮಾತು ಹೇಳಿದಳು: "ಹೋಗೂವಾಗ ಬಾಯಿ ಖಾಲಿ, ಬರೂವಾಗ ಬಿಳೇದು ಏನೋ ಹಿಡ್ಕೊಂಡಾವು."

ಅಪ್ಪ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ನಾನು ಕೇಳಿಸಿಕೊಂಡೆ. ಒಂದು ಜೀವಿಯನ್ನು ವಿವರಿಸುವ ಕೆಲಸ ಶುರುವಾಗುವುದೇ ಇಂಥ ವಾಕ್ಯದಿಂದ. ಎತ್ತ ಹೋಗುತ್ತಿದೆ, ಏನು ತರುತ್ತಿದೆ, ಹೋಗುವಾಗ, ಬರುವಾಗ ಏನು ವ್ಯತ್ಯಾಸ. ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಿಳಿ ಅಂದಿದ್ದು ಗೆದ್ದಲು. ದಾರಿಯ ಪಕ್ಕದಲ್ಲಿ ಬಿದ್ದ ಕೊಂಬೆಯೊಂದಕ್ಕೆ ಗೆದ್ದಲು ಮಣ್ಣಿನ ಹೊದಿಕೆ ಹಚ್ಚಿತ್ತು. ಇರುವೆಗಳು ಆ ಹೊದಿಕೆಯನ್ನು ಅಲ್ಲಲ್ಲಿ ಒಡೆದು ಒಳಗೆ ನುಗ್ಗುತ್ತಿದ್ದವು. ಹೊರಗೆ ಬರುವಾಗ ಒಂದೊಂದರ ಬಾಯಲ್ಲೂ ಒಂದೊಂದು ಗೆದ್ದಲು, ಮೈಯಡಿಗೆ ಸೇರಿಸಿ ಹಿಡಿದುಕೊಂಡಿದ್ದು. ಗೆದ್ದಲಿನ ಸೈನಿಕರು ತಲೆಯಾಡಿಸುತ್ತಾ ಬಾಗಿಲಿಗೆ ಬಂದರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಈ ಇರುವೆಗಳಿಗೆ ಕೊಂಡಿ ಇದೆ. ಚುಚ್ಚಿ ವಿಷ ಬಿಡುತ್ತವೆ, ಬೇಟೆ ಅಲ್ಲಾಡದ ಹಾಗೆ ಆಗುತ್ತದೆ.

ಜೇಬಿನಲ್ಲಿದ್ದ ಭೂತಗನ್ನಡಿ ಅವಳಿಗೆ ಕೊಟ್ಟೆ. "ಕಾಕಾ, ಇದರ ನಡಾ ಎಷ್ಟ ಸಣ್ಣ ಐತ್ರಿ!" ಅಂದಳು. ಸರಿಯಾದ ಜಾಗವನ್ನೇ ನೋಡಿದ್ದಳು. ಇರುವೆ ಗುರುತಿಸುವವರು ಮೊದಲು ನೋಡುವುದೇ ನಡುವನ್ನು. ಎದೆಗೂ ಹೊಟ್ಟೆಗೂ ನಡುವೆ ಒಂದು ಗಂಟು ಇದೆಯಾ, ಎರಡಾ? ಇದಕ್ಕೆ ಒಂದೇ. ಮನೆಯ ಗೊದ್ದಕ್ಕೂ ಒಂದೇ, ಅದೂ ಕಪ್ಪೇ. ಹಾಗಾದರೆ ಇದು ಗೊದ್ದ ಯಾಕಲ್ಲ? ಗೊದ್ದದ ಹೊಟ್ಟೆ ದುಂಡಗೆ ನುಣುಪಾಗಿರುತ್ತದೆ, ಕೊಂಡಿ ಇರುವುದಿಲ್ಲ. ಇದರ ಹೊಟ್ಟೆ ಉದ್ದ. ಮೊದಲ ಭಾಗ ಮುಗಿಯುವಲ್ಲಿ ದಾರ ಕಟ್ಟಿ ಬಿಗಿದಂತೆ ಸಣ್ಣ ಇಕ್ಕಟ್ಟು, ತುದಿಯಲ್ಲಿ ಕೊಂಡಿ. ಇವು ಪೊನೆರಿನೆ ಅನ್ನುವ ಬೇಟೆಗಾರ ಉಪಕುಟುಂಬದ ಗುರುತುಗಳು. ಇನ್ನು ತೆಳ್ಳನೆಯ ಉದ್ದ ಮೈ, ಉದ್ದ ಕಾಲು, ಕತ್ತಿಯಂತೆ ಬಾಗಿದ ದವಡೆ, ಎರಡು ದವಡೆಗಳ ನಡುವೆ ಮುಂದಕ್ಕೆ ಚಾಚಿದ ಮೂಗಿನಂಥ ಚೂಪು. ಇಷ್ಟಾದರೆ ಲೆಪ್ಟೊಜೆನಿಸ್ ಕುಲ.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಲೆಪ್ಟೊಜೆನಿಸ್‌ನಲ್ಲಿ ಜಗತ್ತಿನಾದ್ಯಂತ 300ಕ್ಕೂ ಹೆಚ್ಚು ಜಾತಿಗಳಿವೆ. ಸಾಲುಗಟ್ಟಿ ಗೆದ್ದಲು ಬೇಟೆಗೆ ಹೋಗುವ, ನಮ್ಮ ದಕ್ಷಿಣದಲ್ಲಿ ಜಾಸ್ತಿ ಕಾಣುವ ಕರಿ ಇರುವೆಗೆ ಲೆಪ್ಟೊಜೆನಿಸ್ ಪ್ರೊಸೆಷನಾಲಿಸ್ ಅಂತ ಹೆಸರು. 1851ರಲ್ಲಿ ಅದನ್ನು ಮೊದಲು ವಿವರಿಸಿದವರು ಟಿ.ಸಿ. ಜೆರ್ಡನ್, ಮದ್ರಾಸ್ ಕಡೆ ಕೆಲಸ ಮಾಡುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಹಕ್ಕಿಗಳ ವಿಷಯದಲ್ಲಿ ಅವರ ಹೆಸರು ದೊಡ್ಡದು. ಆದರೆ ಬಗ್ಗಿ ಕೂತು ಇರುವೆಯನ್ನೂ ನೋಡಿದ ಮನುಷ್ಯ ಅನ್ನುವುದೇ ನನಗೆ ಹೆಚ್ಚು ಇಷ್ಟ. ಕಾಲಿನ ಉಗುರು ಬಾಚಣಿಗೆಯ ಹಲ್ಲಿನ ಹಾಗೆ ಇರುವುದು ಈ ಕುಲದ ಪಕ್ಕಾ ಗುರುತು. ಅದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅಭಯಾರಣ್ಯದ ಕಾಡಿನಿಂದ ಅನುಮತಿ ಇಲ್ಲದೆ ಒಂದು ಇರುವೆಯನ್ನೂ ಎತ್ತಿಕೊಂಡು ಬರುವಂತಿಲ್ಲ, ಬರಬಾರದು ಕೂಡ. ಹಾಗಾಗಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಕುಲದ ಹೆಸರು ಧೈರ್ಯವಾಗಿ ಬರೆದೆ, ಜಾತಿಯ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ. ನಮ್ಮ ಜೊತೆ ಬಂದಿದ್ದ ಒಬ್ಬರು ಫೋನಿನಲ್ಲಿ ಫೋಟೋ ಹೊಡೆದು ಕ್ಷಣದಲ್ಲಿ ಪೂರ್ತಿ ಹೆಸರು ಹೇಳಿದರು. ಹೇಳಿದವರು ಇರುವೆಯ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಅಷ್ಟು ಬೇಗ ಸಿಕ್ಕ ಹೆಸರಿನಿಂದ ಆ ಜೀವಿಗೆ ಯಾವ ಮರ್ಯಾದೆಯೂ ಸಿಗಲಿಲ್ಲ ಅಂತ ನನಗನ್ನಿಸಿತು.

"ಇವುಕ್ಕ ಪೆಟ್ಟಾದ್ರ ಏನ್ ಮಾಡ್ತಾವು?" ಅಂತ ಹುಡುಗಿ ಕೇಳಿದಳು. ಆಫ್ರಿಕಾದ ಮಟಬೆಲೆ ಇರುವೆಗಳ ಕಥೆ ಹೇಳಿದೆ. ಮೆಗಾಪೊನೆರಾ ಅನಾಲಿಸ್, ಅವೂ ಗೆದ್ದಲು ಬೇಟೆಗಾರರು. ಬೇಟೆಯಲ್ಲಿ ಗಾಯಗೊಂಡ ಸಂಗಾತಿಗಳನ್ನು ಹೊತ್ತು ಗೂಡಿಗೆ ವಾಪಸ್ ತರುತ್ತವೆ. ಐವರಿ ಕೋಸ್ಟ್‌ನ ಕೊಮೊಯೆ ರಾಷ್ಟ್ರೀಯ ಉದ್ಯಾನದಲ್ಲಿ ಇದನ್ನು ನೋಡಿದ ಎರಿಕ್ ಫ್ರಾಂಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಗಾಯವನ್ನು ನೆಕ್ಕಿ ಆರೈಕೆ ಮಾಡುವುದೂ ಆಮೇಲೆ ಗೊತ್ತಾಯಿತು. ಅಮೆಜಾನ್ ಮಳೆಕಾಡಿನಲ್ಲಿ ನಿಯೊಪೊನೆರಾ ಕಮ್ಯುಟಾಟ ಅನ್ನುವ ಇನ್ನೊಂದು ಇರುವೆ ಸಿಂಟರ್ಮೆಸ್ ಎಂಬ ದಪ್ಪ ಗೆದ್ದಲನ್ನು ಹೀಗೇ ಗುಂಪಾಗಿ ಬೇಟೆಯಾಡುತ್ತದೆ. ಮೂರು ಖಂಡ, ಮೂರು ಬೇರೆ ಕುಲ, ಬೇಟೆ ಮಾತ್ರ ಒಂದೇ. ಆದರೆ ಆಫ್ರಿಕಾದ ಇರುವೆ ಮಾಡುವುದನ್ನೆಲ್ಲ ನಮ್ಮದೂ ಮಾಡುತ್ತದೆ ಅಂತ ಹೇಳಬಾರದು ಎಂದೂ ಅವಳಿಗೆ ಹೇಳಿದೆ. ವಾಟ್ಸಾಪ್‌ನಲ್ಲಿ ಬರುವ ಇರುವೆ ಕಥೆಗಳು ಹಾಳಾಗುವುದು ಇಲ್ಲೇ. "ಹಂಗಾರ ನಾವ ನೋಡಬೇಕು" ಅಂದಳು. ಹೌದು, ನಾವೇ ನೋಡಬೇಕು.

ಅವಳಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಳ್ಳೆಯ ಮನುಷ್ಯ. ಅವತ್ತು ಎಲ್ಲರ ನೀರಿನ ಕ್ಯಾನು ಹೊತ್ತವನು ಅವನೇ. ವಾಸ್ಕೋದಲ್ಲಿ ಗ್ಯಾರೇಜ್ ಇದೆ. ಬೈಕು ತಿರುವಿನಲ್ಲಿ ಇರುವಾಗಲೇ ಸದ್ದು ಕೇಳಿ ಯಾವ ಕಂಪನಿ, ಯಾವ ಮಾಡೆಲ್, ಚೈನ್ ಸಡಿಲವೋ ಬೇರಿಂಗ್ ಹೋಗಿದೆಯೋ ಹೇಳುತ್ತಾನೆ. ಯಾರಾದರೂ ಅವನಿಗೆ "ಬೈಕಿನೊಳಗ ಯಾವ್ದು ಅಂತ ಏನೈತಿ, ಬೈಕ್ ಅಷ್ಟ" ಅಂದಿದ್ದರೆ ಏನನ್ನಿಸುತ್ತಿತ್ತು? ವ್ಯತ್ಯಾಸ ಹಿಡಿಯುವ ಕಣ್ಣು, ಕಿವಿ ಅವನಿಗಿದೆ, ನನಗಿಂತ ಚುರುಕಾಗಿದೆ. ಮಗಳಿಗೆ ಆ ಗುಣ ಬಂದಿರುವುದೂ ಅವನಿಂದಲೇ ಇರಬೇಕು. ಅದಕ್ಕೇ ಆ ಮಾತು ನನ್ನನ್ನು ಬಿಡುತ್ತಿಲ್ಲ. ಇರುವಿ ಅಷ್ಟ, ಬಾ.

ನಮ್ಮ ಹೌಸಿಂಗ್ ಸೊಸೈಟಿಯಲ್ಲೂ ಮಳೆ ನಿಂತಾಗ ಇದೇ ಮಾತು. ಕಾಂಪೌಂಡ್ ಪಕ್ಕ ಇಂಥದೇ ಸಾಲು ಕಂಡರೆ ಬಿಳಿ ಪುಡಿ ಎರಚುತ್ತಾರೆ. ಅದೇ ಜನ ಕಿಟಕಿಯ ಚೌಕಟ್ಟಿಗೆ ಗೆದ್ದಲು ಹಿಡಿಯಿತು ಅಂತ ಔಷಧಿ ಹೊಡೆಸುತ್ತಾರೆ. ಯಾರು ಯಾರನ್ನು ತಿನ್ನುತ್ತಿದ್ದಾರೆ ಅಂತ ಒಂದು ನಿಮಿಷ ನೋಡಿದ್ದರೆ ಸಾಕಿತ್ತು. ಗೋವಾದಲ್ಲಿ ಸಾತೇರಿ ದೇವಿಯನ್ನು ಹುತ್ತದ ರೂಪದಲ್ಲೇ ಪೂಜಿಸುತ್ತಾರೆ, ನಮ್ಮಲ್ಲಿ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತಾರೆ. ಹುತ್ತ ಕಟ್ಟಿದ ಗೆದ್ದಲು, ಅದನ್ನು ಹುಡುಕಿ ಬರುವ ಇರುವೆ, ಇವೆರಡನ್ನು ಮಾತ್ರ ಯಾರೂ ನೋಡುವುದಿಲ್ಲ.

2020ರಲ್ಲಿ, ತಾಂಬ್ಡಿ ಸುರ್ಲಾ ಇರುವ ಇದೇ ಮೊಲ್ಲೆಮ್ ಕಾಡಿನಲ್ಲಿ ಜೋಡಿ ರೈಲು ಹಳಿ, ಹೆದ್ದಾರಿ, ವಿದ್ಯುತ್ ತಂತಿ ಅಂತ ಮೂರು ಯೋಜನೆಗಳ ವಿರುದ್ಧ ಗೋವಾದ ಜನ ಬೀದಿಗಿಳಿದರು. ಕ್ಯಾಸಲ್‌ರಾಕ್‌ನಿಂದ ಕುಳೆಮ್‌ವರೆಗಿನ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ವಾದಗಳಲ್ಲೆಲ್ಲ ಮರ ಎಷ್ಟು ಹೋಗುತ್ತದೆ ಅನ್ನುವ ಲೆಕ್ಕ ಇತ್ತು. ಮರದ ಬುಡದಲ್ಲಿ ಎಲೆ ಕೊಳೆಯುವ ಜಾಗದಲ್ಲಿ ಯಾರ್ಯಾರಿದ್ದಾರೆ ಅಂತ ಬರೆದಿಟ್ಟವರು ಎಷ್ಟು ಜನ? ಬರೆದಿಡದ ಜೀವಿ ಹೋದರೆ ಹೋಗಿದ್ದೂ ಗೊತ್ತಾಗುವುದಿಲ್ಲ. ಅದು ನನ್ನ ದೊಡ್ಡ ಚಿಂತೆ. ಒಬ್ಬ ಮಗುವಿನ ಪ್ರಶ್ನೆಯನ್ನು ಊಟದ ನೆಪದಲ್ಲಿ ಎಬ್ಬಿಸಿಕೊಂಡು ಹೋದಾಗ, ಬರೆದಿಡಬಹುದಾಗಿದ್ದ ಒಬ್ಬರು ಕಮ್ಮಿಯಾದರು ಅಂತಲೇ ನನಗೆ ಕಾಣುತ್ತದೆ.

ಬೆಂಗಳೂರಿನಲ್ಲಿ ಹಾಗೆ ಕೂತು ನೋಡಿದವರಿದ್ದಾರೆ. ಕೃಷಿ ವಿಶ್ವವಿದ್ಯಾಲಯದ ಕೆ.ಎನ್. ಗಣೇಶಯ್ಯ, ಟಿ. ವೀಣಾ ಅವರ ಜೊತೆ ಸೇರಿ ಇದೇ ಲೆಪ್ಟೊಜೆನಿಸ್ ಪ್ರೊಸೆಷನಾಲಿಸ್‌ನ ಬೇಟೆಯ ದಾರಿಗಳು ಯಾಕೆ ಕವಲೊಡೆಯುತ್ತವೆ ಅನ್ನುವ ಪ್ರಶ್ನೆ ಹಿಡಿದು 1991ರಲ್ಲಿ ಪ್ರಬಂಧ ಪ್ರಕಟಿಸಿದರು. ಕನ್ನಡದ ಓದುಗರು ಗಣೇಶಯ್ಯನವರನ್ನು ಕಾದಂಬರಿಕಾರರಾಗಿ ಬಲ್ಲರು. ಕಾದಂಬರಿಯ ಹೆಸರು ಹೇಳುವವರು ಈ ಕೆಲಸವನ್ನೂ ಹೇಳಲಿ ಅಂತ ನನ್ನ ಆಸೆ.

ಹುಡುಗಿಯ ಅಪ್ಪನ ನಂಬರು ತೆಗೆದುಕೊಂಡಿದ್ದೆ. ನಿನ್ನೆ ರಾತ್ರಿ ಅವಳಿಗಂತ ಒಂದು ಮೆಸೇಜ್ ಕಳಿಸಿದೆ. ಗ್ಯಾರೇಜ್ ಹಿಂದೆ ಸಾಲು ಕಂಡರೆ ಬೆರಳಿಡಬೇಡ, ಕೊಂಡಿ ಚುಚ್ಚಿದರೆ ನೋವಾಗುತ್ತದೆ. ನಡುವಿನ ಗಂಟು ಎಣಿಸು. ಹೊಟ್ಟೆಯಲ್ಲಿ ಇಕ್ಕಟ್ಟು ಇದೆಯಾ ನೋಡು. ಯಾವ ಹೊತ್ತು, ಮಳೆ ಬಂದಿತ್ತಾ, ಬಾಯಲ್ಲಿ ಏನಿತ್ತು ಅಂತ ಬರಿ. ದಾರಿ ಎಲ್ಲೆಲ್ಲಿ ಕವಲಾಗುತ್ತದೆ ಅಂತ ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸು. ಹೆಸರನ್ನು ಆಮೇಲೆ ಇಬ್ಬರೂ ಸೇರಿ ಹುಡುಕೋಣ.