ರಿಫ್ರೆಶ್ ಒತ್ತಿದರೆ 404

ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದ ಪುಟ್ಟ ವೆಬ್ ಆ್ಯಪ್ ಒಂದನ್ನು ಇವತ್ತು ಗಿಟ್‌ಹಬ್ ಪೇಜಸ್‌ಗೆ (ಬರೀ ಫೈಲುಗಳಿಂದ ಸೈಟ್ ನಡೆಸುವ ಸೇವೆ) ಏರಿಸಿದೆ. ಅಷ್ಟೆಲ್ಲ ಕೋಡ್ ಬರೆದು ಬಿಲ್ಡ್ ಮಾಡಿದರೆ, ಅಂದರೆ ಬ್ರೌಸರ್‌ಗೆ ಬೇಕಾದ ರೂಪಕ್ಕೆ ತಂದರೆ, ಕೊನೆಗೆ ಸಿಗುವುದು ಒಂದು ಎಚ್‌ಟಿಎಂಎಲ್, ಒಂದಿಷ್ಟು ಜಾವಾಸ್ಕ್ರಿಪ್ಟ್, ಸಿಎಸ್‌ಎಸ್. ಸುತ್ತಿ ಬಳಸಿ ಮತ್ತೆ ಹಳೇ ಕಾಲದ ಬರೀ ಫೈಲುಗಳಿಗೇ ಬಂದೆವು, ಅಲ್ವಾ?

ಸೈಟ್‌ನ ವಿಳಾಸ ರೆಪೊ (ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಜಾಗ) ಹೆಸರಿನ ಕೆಳಗೆ ಕೂರುವುದಾದರೆ, ಬಿಲ್ಡ್ ಮಾಡುವ ಸಾಧನ ವೀಟ್‌ (Vite)ನ ಕಾನ್ಫಿಗ್ ಫೈಲಿನಲ್ಲಿ 'ಬೇಸ್' ಎಂಬಲ್ಲಿ ಆ ಹೆಸರು ಇರಲೇಬೇಕು. ಇಲ್ಲಾಂದ್ರೆ ಫೈಲುಗಳು ಸಿಗದೆ ಬಿಳಿ ಪರದೆ.

ನಿಜವಾದ ಮಜಾ ರೂಟಿಂಗ್‌ನದು, ಅಂದರೆ ಯಾವ ವಿಳಾಸಕ್ಕೆ ಯಾವ ಪುಟ ಎಂಬುದರದು. ಲಿಂಕ್ ಒತ್ತಿದರೆ ಒಳಪುಟ ತೆರೆಯುತ್ತದೆ, ಅಲ್ಲೇ ರಿಫ್ರೆಶ್ ಮಾಡಿದರೆ 404, ಅಂದರೆ 'ಪುಟ ಸಿಗಲಿಲ್ಲ'. ಆ ಪುಟ ಇರುವುದು ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ನಲ್ಲಿ ಮಾತ್ರ. ಪಾಪ, ಸರ್ವರ್ ಆ ಹೆಸರಿನ ಫೈಲ್ ಹುಡುಕುತ್ತದೆ, ಸಿಗದಿದ್ದರೆ 404.ಎಚ್‌ಟಿಎಂಎಲ್ ಫೈಲನ್ನು ಕೊಡುತ್ತದೆ. ಇಂಡೆಕ್ಸ್ ಫೈಲನ್ನೇ 404.ಎಚ್‌ಟಿಎಂಎಲ್ ಅಂತ ಕಾಪಿ ಮಾಡಿದರೆ ಪುಟ ಬರುತ್ತದೆ, ಆದರೆ ಸರ್ವರ್ ಜೊತೆಗೆ ಕಳಿಸುವ ಸ್ಟೇಟಸ್ ಕೋಡ್ 404 ಆಗಿಯೇ ಉಳಿಯುತ್ತದೆ. ಒಳಗೆ ಕೂರಿಸಿ ಊಟ ಬಡಿಸುತ್ತಾ 'ಮನೇಲಿ ಯಾರೂ ಇಲ್ಲ' ಅಂದ ಹಾಗೆ! ಇಂಥದೇ ಇನ್ನೊಂದು ಸೇವೆ ನೆಟ್ಲಿಫೈನಲ್ಲಾದರೆ ರೀಡೈರೆಕ್ಟ್ಸ್ ಫೈಲಿನ ಒಂದೇ ಸಾಲಿನಲ್ಲಿ ಸರಿಯಾಗಿ 200 ('ಎಲ್ಲ ಸರಿ' ಎಂಬ ಕೋಡ್) ಕೊಡಿಸಬಹುದು.

ಹ್ಯಾಶ್ ರೂಟರ್ ಹಾಕಿದರೆ ಈ ತಲೆನೋವೇ ಇಲ್ಲ. ವಿಳಾಸದ ಮಧ್ಯೆ ಒಂದು # ಬರುತ್ತದೆ, ಅದರ ನಂತರದ ಭಾಗ ಸರ್ವರ್‌ಗೆ ಹೋಗುವುದೇ ಇಲ್ಲ. ನೋಡಲು ಮಾತ್ರ ಅಷ್ಟು ಚೆಂದವಿಲ್ಲ. ಸಣ್ಣ ಆ್ಯಪ್‌ಗೆ ನನಗೆ ಅದೇ ಸಾಕು.